ಪುರಸಭೆಗೆ ನೀವೆಷ್ಟು ಜನ?



ಬಾಗಲಕೋಟೆ ಜಿಲ್ಲೆಯ ತೇರದಾಳ ನೇಕಾರರ, ಕಬ್ಬು ಬೆಳೆಗಾರರ ಊರು. ಇಲ್ಲಿರುವುದು ಪುರಸಭೆ, ಪಕ್ಕದ ರಬಕವಿ-ಬನಹಟ್ಟಿಯಲ್ಲಿ ನಗರಸಭೆ. ಈ ವ್ಯತ್ಯಾಸ ಏಕೆ? ಕರ್ನಾಟಕದಲ್ಲಿ ಸಾಮಾನ್ಯವಾಗಿ 10ರಿಂದ 20 ಸಾವಿರ ಜನರಿರುವ ಊರಿಗೆ ಪಟ್ಟಣ ಪಂಚಾಯಿತಿ, 50 ಸಾವಿರದವರೆಗೆ ಪುರಸಭೆ, ಅದನ್ನು ಮೀರಿದರೆ ನಗರಸಭೆ.

1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿ ಇಂಥ ಸಂಸ್ಥೆಗಳಿಗೆ ಐದು ವರ್ಷದ ಅವಧಿಯನ್ನು ನಿಗದಿಮಾಡಿತು. ಮಹಿಳೆಯರಿಗೆ ಕನಿಷ್ಠ ಮೂರನೆಯ ಒಂದು ಭಾಗ ಸ್ಥಾನಗಳನ್ನೂ, ಪರಿಶಿಷ್ಟರಿಗೆ ಅವರ ಜನಸಂಖ್ಯೆಗೆ ತಕ್ಕಷ್ಟು ಸ್ಥಾನಗಳನ್ನೂ ಕಾದಿರಿಸಿತು. ಇದಕ್ಕೆಲ್ಲ ಆಧಾರ ಜನಗಣತಿ.

ಈಗ ಒಂದು ಲೆಕ್ಕ ಮಾಡಿ. ಒಳಚರಂಡಿ ಇರುವ ಪಟ್ಟಣದಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಎಂಬುದು ಯೋಜನೆಯ ಅಳತೆ. ಕಾಗದದಲ್ಲಿ 25,000 ಜನರಿದ್ದರೆ 33,75,000 ಲೀಟರ್ ಸಾಕು. ಆದರೆ ಊರಿನಲ್ಲಿ ನಿಜವಾಗಿ 30,000 ಜನರಿದ್ದರೆ? ಅಷ್ಟೇ ನೀರನ್ನು ಹಂಚಿಕೊಳ್ಳಬೇಕು; ತಲೆಗೆ 112.5 ಲೀಟರ್ ಮಾತ್ರ. ಲೆಕ್ಕದಿಂದ ಬಿಟ್ಟುಹೋದವರೂ ಕೊಡ ಹಿಡಿದು ನಲ್ಲಿಯ ಮುಂದೆ ನಿಲ್ಲುತ್ತಾರಲ್ಲವೇ?

2011ರ ಗಣತಿಯ ಬಳಿಕ 2021ರಲ್ಲಿ ನಡೆಯಬೇಕಿದ್ದ ಗಣತಿ ಮುಂದಕ್ಕೆ ಹೋಯಿತು. ಹೊಸ ಗಣತಿಗೆ 2027ರ ಮಾರ್ಚ್ 1ನ್ನು ಲೆಕ್ಕದ ದಿನವೆಂದು ಕೇಂದ್ರ ಸರ್ಕಾರ 2025ರ ಜೂನ್‌ನಲ್ಲಿ ಪ್ರಕಟಿಸಿತು. ಅಷ್ಟು ವರ್ಷಗಳಲ್ಲಿ ಓಣಿಗಳು ಬೆಳೆದವು, ಮಕ್ಕಳು ಮತದಾರರಾದರು. ಗಣತಿಯ ಅಂಕಿ ಮಾತ್ರ ನಿಂತಲ್ಲೇ ನಿಂತಿತ್ತು.

ಗಣತಿದಾರರು ಬಾಗಿಲಿಗೆ ಬಂದಾಗ ತೊಟ್ಟಿಲ ಕೂಸನ್ನೂ, ಮೂಲೆಯಲ್ಲಿ ಮಲಗಿದ ಅಜ್ಜಿಯನ್ನೂ ಮರೆಯದೆ ಬರೆಸಿ. ಬಾಡಿಗೆ ಕೋಣೆಯಲ್ಲಿದ್ದು ಮಗ್ಗಕ್ಕೆ ಹೋಗುವ ನೆರೆಯವರಿಗೂ ತಿಳಿಸಿ. ಮತ ಹಾಕುವ ವಯಸ್ಸು ನಿಮಗೆ ಇನ್ನೂ ಬಂದಿಲ್ಲದಿರಬಹುದು. ಎಣಿಕೆಗೆ ವಯಸ್ಸಿನ ಮಿತಿಯಿಲ್ಲ.