ಬತ್ತಿದ ಬಾವಿಯ ಬೆಲೆ
(ಬೇಸಾಯಗಾರರ ಸಭೆಯಲ್ಲಿ ಮಾಡಿದ ಉಪನ್ಯಾಸ)



ಕೋಲಾರ ಜಿಲ್ಲೆಯಲ್ಲಿ ವರ್ಷವೆಲ್ಲ ಹರಿಯತಕ್ಕ ನದಿಯಿಲ್ಲ. ಪೂರ್ವಿಕರು ಮಳೆಯ ನೀರನ್ನು ಕೆರೆಗಳಲ್ಲಿ ತಡೆದು ನಿಲ್ಲಿಸಿದರು. ಅದೇ ಇಂಗಿ ತೆರೆದ ಬಾವಿಗಳಿಗೆ ಊಟೆಯಾಯಿತು. ಕೊಳವೆ ಬಾವಿಗಳು ಹೆಚ್ಚಿದಂತೆ ತೆರೆದ ಬಾವಿಗಳು ಬತ್ತಿದುವು; ಬಳಿಕ ಕೊಳವೆ ಬಾವಿಗಳೂ ಬತ್ತತೊಡಗಿದುವು.

ಬೇಸಾಯಗಾರನು ಖರ್ಚನ್ನು ಬರೆಯುವಾಗ ನೀರು ಬಂದ ಬಾವಿಯನ್ನು ಮಾತ್ರ ಎಣಿಸುತ್ತಾನೆ. ಇದು ತಪ್ಪು ಲೆಕ್ಕ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಅರ್ಥಶಾಸ್ತ್ರಜ್ಞರಾಗಿದ್ದ ಎಂ. ಜಿ. ಚಂದ್ರಕಾಂತರು, ವಿಫಲವಾದ ಬಾವಿಗಳ ವೆಚ್ಚವನ್ನೂ ನೀರಿನ ಬೆಲೆಗೆ ಸೇರಿಸತಕ್ಕದ್ದೆಂದು ತೋರಿಸಿದ್ದಾರೆ.

ಒಬ್ಬನು ತಲಾ 1 ಲಕ್ಷ ರೂಪಾಯಿನಂತೆ 3 ಬಾವಿಗಳನ್ನು ಕೊರೆಯಿಸಿ, ಒಂದರಲ್ಲಿ ಮಾತ್ರ ನೀರು ಕಂಡನೆಂದಿಟ್ಟುಕೊಳ್ಳಿರಿ. ಆ ಬಾವಿಯ ಬೆಲೆ 1 ಲಕ್ಷವಲ್ಲ, 3 ಲಕ್ಷ. ಅದು 5 ವರ್ಷ ನಡೆದರೆ, ಬಡ್ಡಿಯನ್ನು ಬಿಟ್ಟರೂ, ವರ್ಷಕ್ಕೆ 60,000 ರೂಪಾಯಿ ಬೀಳುತ್ತದೆ. 2 ಎಕರೆಗೆ ನೀರು ಹಾಯಿಸಿದಲ್ಲಿ ಎಕರೆಗೆ 30,000. ಬೆಳೆಯು ಇಷ್ಟನ್ನು ತೀರಿಸದಿದ್ದರೆ ಸಾಲವೇ ಉಳಿಯುವುದು.

ಇನ್ನೊಂದು ನಷ್ಟವುಂಟು. ಒಬ್ಬನು ಆಳಕ್ಕೆ ಕೊರೆಯಿಸಿದರೆ ನೆರೆಯವನ ಬಾವಿಯು ಬತ್ತಬಹುದು. ಈ ನಷ್ಟವು ಕೊರೆಯಿಸಿದವನ ಲೆಕ್ಕದಲ್ಲಿ ಕಾಣುವುದಿಲ್ಲ; ಊರು ಅದನ್ನು ಹೊರುತ್ತದೆ.

ಆದುದರಿಂದ ಮತ್ತೊಂದು ಬಾವಿಗೆ ಸಾಲಮಾಡುವ ಮೊದಲು ಗ್ರಾಮದ ಮುಖಂಡರು ಊರಿನ ಬತ್ತಿದ ಬಾವಿಗಳನ್ನು ಎಣಿಸಿ, ಅವುಗಳಲ್ಲಿ ಹೂತ ಹಣವನ್ನು ಕೂಡಿಸತಕ್ಕದ್ದು. ಆ ಮೊತ್ತವನ್ನು, ಕೆರೆಯ ಹೂಳೆತ್ತಿಸಿ ಕಾಲುವೆಗಳನ್ನು ತೆರವು ಮಾಡಿಸುವ ಖರ್ಚಿನೊಡನೆ ಹೋಲಿಸಿ ನೋಡತಕ್ಕದ್ದು. ಎತ್ತಿದ ಗೋಡು ಹೊಲಕ್ಕೆ ಸಾರವಾಗುವುದು. ನಿಂತ ನೀರು ಎಲ್ಲರ ಬಾವಿಗೂ ಇಳಿಯುವುದು. ಯಾವುದು ಅಗ್ಗವೆಂಬುದನ್ನು ಊರವರೇ ಕೂಡಿ ತೀರ್ಮಾನಿಸಲಿ.