ಬಾಲೆಯರ ದಳ



ವಿಜಯಪುರದಿಂದ ಪಶ್ಚಿಮಾಭಿಮುಖವಾಗಿ ಹೊರಟು, ತಿಕೋಟೆಯ ಮಾರ್ಗವಾಗಿ ಸಾಗುವ ಅಥಣಿ ರಸ್ತೆಯನ್ನು ಬಲ್ಲವರಿಗೆ ತೊರವಿಯ ಹೆಸರು ಹೊಸದಲ್ಲ. ಅಲ್ಲಿಯ ನರಸಿಂಹನನ್ನು ನೆನೆದು ಕುಮಾರ ವಾಲ್ಮೀಕಿಯು ರಾಮಾಯಣವನ್ನು ರಚಿಸಿದನು. ಅದರ ನೆರೆಯಲ್ಲಿಯೇ ಎರಡನೆಯ ಇಬ್ರಾಹಿಂ ಆದಿಲಶಾಹನು 1599ರಲ್ಲಿ ನವರಸಪುರವೆಂಬ ನಗರವನ್ನು ಕಟ್ಟಿಸತೊಡಗಿದನು. ನಗರವು ಪೂರ್ಣವಾಗಲಿಲ್ಲ, ಕಾವ್ಯವು ಉಳಿಯಿತು. ಈಗ ಅದೇ ದಾರಿಯಲ್ಲಿ, 2003ರಲ್ಲಿ ಸ್ಥಾಪಿತವಾಗಿ ಅನಂತರ ಅಕ್ಕಮಹಾದೇವಿಯ ಹೆಸರನ್ನು ಪಡೆದ ಮಹಿಳಾ ವಿಶ್ವವಿದ್ಯಾಲಯವಿದೆ. ಬೆಳಗಿನ ಹೊತ್ತು ಬಸ್ಸುಗಳಿಂದ ಇಳಿದು ಹೋಗುವ ಹೆಣ್ಣುಮಕ್ಕಳ ಗುಂಪನ್ನು ನೋಡುವುದೇ ಒಂದು ಸಂತೋಷ.

ನಮ್ಮ ಮನೆಯ ಮಗಳೂ ಆ ರಸ್ತೆಯಲ್ಲಿಯೇ ಓದಲು ಹೋಗುವವಳು. ಒಂದು ಸಂಜೆ ಆಕೆಯು ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಕ್ಕೆ ಅಪ್ಪಣೆಯನ್ನು ಕೇಳಿದಳು. ಏಳು ದಿವಸ ಹಳ್ಳಿಯೊಂದರಲ್ಲಿ ವಾಸ. ಗೆಳತಿಯರೊಡನೆ ಊಟ, ನಿದ್ರೆ, ಶ್ರಮದಾನ. "ಅಪ್ಪಾ, ನಮ್ಮ ಗೆಳತ್ಯಾರೆಲ್ಲ ಹೊಂಟಾರ. ನಾ ಒಬ್ಬಾಕಿನ ಉಳೀಲೇನು?" ಎಂದಳು. ನಾವು ಬೇಡವೆಂದೆವು. ಕಾರಣವನ್ನು ಹೇಳಲಿಲ್ಲ, ಹೇಳುವಂತಹ ಕಾರಣವೂ ನಮ್ಮಲ್ಲಿ ಇರಲಿಲ್ಲ.

ಗೆಳತಿಯರು ಹಿಂದಿರುಗಿ ಬಂದರು. ನಮ್ಮ ಜಗುಲಿಯಲ್ಲಿ ಕುಳಿತು, "ನಾವು ಒಲಿ ಹಚ್ಚಿದಿವಿ, ನಾವು ಗಟಾರ ಬಳದಿವಿ" ಎಂದು ನಗುತ್ತ ಹೇಳುತ್ತಿದ್ದರು. ಆ "ನಾವು" ಎಂಬ ಮಾತಿನೊಳಗೆ ನಮ್ಮ ಮಗಳಿಗೆ ಎಡೆಯಿರಲಿಲ್ಲ. ಆಕೆಯು ಸುಮ್ಮನೆ ಕೇಳುತ್ತ ಕುಳಿತಿದ್ದಳು. ಅಂದು ನಮಗೆ ನಮ್ಮ ತಪ್ಪಿನ ಅರಿವಾಯಿತು.

ಹೆಣ್ಣುಮಕ್ಕಳು ಹೀಗೆ ದಳ ಕಟ್ಟಿ ಹೊರಡುವುದು ನಮ್ಮ ನಾಡಿಗೆ ಇಂದಿನ ಹೊಸ ಬಯಕೆಯಲ್ಲ. 1923ರಲ್ಲಿ ಡಾಕ್ಟರ್ ನಾ. ಸು. ಹರ್ಡೀಕರರು ಹಿಂದೂಸ್ತಾನಿ ಸೇವಾ ದಳವನ್ನು ಕಟ್ಟಿದರು. ಅದರ ಮಹಿಳಾ ವಿಭಾಗದ ಭಾರವನ್ನು ಹೊತ್ತವರು ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರರು. ಆ ವರ್ಷವೇ ಅವರು ಪತಿಯನ್ನು ಕಳೆದುಕೊಂಡಿದ್ದರು. ವೈಧವ್ಯವೆಂದರೆ ಮನೆಯ ಮೂಲೆಯೆಂದು ಜನರು ತಿಳಿದಿದ್ದ ಕಾಲವದು. ಉಮಾಬಾಯಿಯವರಾದರೋ ಊರೂರು ತಿರುಗಿದರು. 1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಬೆಳಗಾವಿಯ ಕಾಂಗ್ರೆಸ್ಸು ನೆರೆದಾಗ, ಅವರು ಕಲೆಹಾಕಿದ ಸ್ವಯಂಸೇವಿಕೆಯರ ಸಂಖ್ಯೆ 150ಕ್ಕೂ ಮಿಕ್ಕಿತ್ತು. ಅವರಲ್ಲಿ ಗೃಹಿಣಿಯರಿದ್ದರು, ವಿಧವೆಯರಿದ್ದರು. ತವರು ಮತ್ತು ಅತ್ತೆಮನೆ ಎಂಬೆರಡು ಹೊಸ್ತಿಲುಗಳನ್ನಲ್ಲದೆ ಮೂರನೆಯ ನೆಲೆಯನ್ನು ಕಾಣದಿದ್ದ ಹೆಂಗಸರಿಗೆ ಆ ಬಿಡಾರಗಳೂ ಆ ಸಾಲುಗಳೂ ಎಂತಹ ಬೆರಗನ್ನುಂಟುಮಾಡಿರಬೇಕೆಂಬುದನ್ನು ಶ್ರೋತೃಗಳೇ ಊಹಿಸಬಹುದು.

ಪರದೇಶಗಳಲ್ಲಿಯೂ ಇದೇ ಕಥೆ. ಪೋಲಂಡಿನ ಕ್ರಾಕೋವ್ ನಗರದಲ್ಲಿ ಸಾರಾ ಶೆನಿರರ್ ಎಂಬ ಯೆಹೂದಿ ಮಹಿಳೆ ಇದ್ದರು. ಹೊಲಿಗೆ ಅವರ ಕಸುಬು. ಗಂಡುಮಕ್ಕಳಿಗೆ ಧರ್ಮಗ್ರಂಥಗಳ ಪಾಠ ದೊರೆಯುತ್ತಿದ್ದು, ಹೆಣ್ಣುಮಕ್ಕಳು ಅದರಿಂದ ದೂರವುಳಿದುದನ್ನು ಕಂಡು ಅವರು 1917ರಲ್ಲಿ ಬಾಲಿಕೆಯರ ಶಾಲೆಯೊಂದನ್ನು ತೆರೆದರು. ಆ ಶಾಲೆಗಳ ಜೊತೆಯಲ್ಲಿಯೇ "ಬ್ನೋಸ್", ಎಂದರೆ ಪುತ್ರಿಯರು, ಎಂಬ ತರುಣಿಯರ ಸಂಘವೂ ಬೆಳೆಯಿತು. ಧರ್ಮ ಬೇರೆ, ದೇಶ ಬೇರೆ. ಆದರೆ ತನ್ನ ವಯಸ್ಸಿನವರ ನಡುವೆ ನಿಂತು ತಾನೂ ಇವರಲ್ಲಿ ಒಬ್ಬಳೆಂದು ತಿಳಿಯುವ ಹುಡುಗಿಯ ಹಿಗ್ಗು ಎಲ್ಲೆಡೆಯೂ ಒಂದೇ.

ದಳವೆಂದ ಮಾತ್ರಕ್ಕೆ ಎಲ್ಲವೂ ಒಳಿತೆಂದು ನಾವು ಹೇಳುವುದಿಲ್ಲ. ಹೊರಗಿನವರನ್ನು ಕೀಳೆಂದು ಕಾಣಲು ಕಲಿಸುವ ದಳವು ಸೆರೆಮನೆಯೇ ಸರಿ. ಸೇವೆಯನ್ನು ಕಲಿಸುವ ದಳವಾದರೋ "ನಾವು" ಎಂಬ ಮಾತನ್ನು ದಿನದಿನಕ್ಕೂ ಹಿಗ್ಗಿಸುತ್ತದೆ. 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ಧ್ಯೇಯವೂ ಇದೇ: ನಾನಲ್ಲ, ನೀನು.

ಮರುವರ್ಷ ಮಗಳು ಕೇಳುವ ಮೊದಲೇ ನಾವು ಅಪ್ಪಣೆಯನ್ನಿತ್ತೆವು. ಆಕೆಯ ತಾಯಿ ರೊಟ್ಟಿಯ ಗಂಟನ್ನು ಕಟ್ಟಿಕೊಟ್ಟಳು. ಏಳನೆಯ ದಿವಸ ಅಂಗೈಯಲ್ಲಿ ಗುಳ್ಳೆಗಳು, ಮುಖದ ಮೇಲೆ ಬಿಸಿಲಿನ ಕಪ್ಪು ಹೊತ್ತು ಮಗಳು ಬಂದಳು. ಬಂದವಳು ಕಾಲು ತೊಳೆಯುವ ಮೊದಲೇ ಮಾತಿಗೆ ತೊಡಗಿದಳು. ಪ್ರತಿ ವಾಕ್ಯವೂ "ನಾವು" ಎಂದೇ ಆರಂಭವಾಗುತ್ತಿತ್ತು.

ತಂದೆತಾಯಿಗಳೇ, ನಿಮ್ಮ ಮನೆಯಲ್ಲಿಯೂ ಒಂದು ಸಂಜೆ ಇಂತಹ ಪ್ರಶ್ನೆಯು ಬಂದೀತು. ಜೊತೆಗೆ ಬರುವ ಅಧ್ಯಾಪಿಕೆಯರು ಯಾರು, ತಂಗುವ ಸ್ಥಳವಾವುದೆಂದು ವಿಚಾರಿಸಿರಿ. ಅದು ನಿಮ್ಮ ಧರ್ಮ. ವಿಚಾರಿಸಿದ ಮೇಲೆ ಬಾಗಿಲನ್ನು ತೆರೆಯಿರಿ. ನಮ್ಮ ಮಗಳಿಗೆ ನಮ್ಮಿಂದ ಒಂದು ವರ್ಷ ನಷ್ಟವಾಯಿತು. ನಿಮ್ಮ ಮಗಳಿಗೆ ಹಾಗಾಗದಿರಲಿ.