ಸಣ್ಣ ಲಸಿಕೆ ಕಂಪನಿಗಳನ್ನು ನಡೆಸಿದವರು

ಇವತ್ತು ಯಾವುದೇ ಸರ್ಕಾರಿ ಆಸ್ಪತ್ರೆಯಲ್ಲಿ ಮಗು ಹುಟ್ಟಿದರೆ ಇಪ್ಪತ್ತನಾಲ್ಕು ಗಂಟೆಯೊಳಗೆ ಅದರ ತೊಡೆಗೆ ಒಂದು ಚುಚ್ಚುಮದ್ದು ಹಾಕುತ್ತಾರೆ. ತಾಯಿ ಕಾರ್ಡಿನಲ್ಲಿ ಅದರ ಹೆಸರು ಹೆಪಟೈಟಿಸ್ ಬಿ. ಮನೆಯವರು ಅದಕ್ಕೆ ಒಂದು ಪೈಸೆಯನ್ನೂ ಕೊಡಬೇಕಾಗಿಲ್ಲ. ಮೂವತ್ತೈದು ವರ್ಷದ ಹಿಂದೆ ಇದೇ ಲಸಿಕೆ ಹೊರದೇಶದಿಂದ ಬರಬೇಕಿತ್ತು, ಒಂದು ಡೋಸ್‌ಗೆ ನೂರಾರು ರೂಪಾಯಿ ತೆರಬೇಕಿತ್ತು. ಮೂರು ಡೋಸ್ ಹಾಕಿಸುವಷ್ಟು ಅನುಕೂಲ ಇದ್ದವರು ನಗರದ ಕೆಲವು ಕುಟುಂಬಗಳು ಮಾತ್ರ. ಆ ಬೆಲೆ ಇಳಿದದ್ದು ತಾನಾಗಿ ಅಲ್ಲ. ಅದನ್ನು ಇಳಿಸಲೇಬೇಕೆಂದು ಹಟ ಹಿಡಿದ ಕೆಲವರು ಹೈದರಾಬಾದಿನಲ್ಲಿ ಸಣ್ಣ ಕಂಪನಿಗಳನ್ನು ಕಟ್ಟಿದರು. ಆ ಕಂಪನಿಗಳ ಚುಕ್ಕಾಣಿ ಹಿಡಿದವರು ಯಾರು, ಅವರು ಏನು ತೀರ್ಮಾನ ಮಾಡಿದರು, ಅದರಿಂದ ಏನಾಯಿತು ಎಂಬುದು ಇವತ್ತಿನ ನನ್ನ ಮಾತಿನ ವಿಷಯ.

ಮೊದಲು ರೋಗದ ಬಗ್ಗೆ ಎರಡು ಮಾತು. ಹೆಪಟೈಟಿಸ್ ಬಿ ಯಕೃತ್ತಿಗೆ ತಗಲುವ ವೈರಸ್. ದೊಡ್ಡವರಿಗೆ ಸೋಂಕಿದರೆ ಬಹುಪಾಲು ಮಂದಿ ಗುಣವಾಗುತ್ತಾರೆ. ಹೆರಿಗೆಯ ಹೊತ್ತಿನಲ್ಲಿ ತಾಯಿಯಿಂದ ಕೂಸಿಗೆ ಬಂದರೆ ಮಾತ್ರ ಹತ್ತರಲ್ಲಿ ಒಂಬತ್ತು ಮಕ್ಕಳ ಮೈಯಲ್ಲಿ ಅದು ಉಳಿದುಬಿಡುತ್ತದೆ. ಹೀಗೆ ಉಳಿದ ವೈರಸ್ ಎಷ್ಟೋ ಮಂದಿಗೆ ನಡುವಯಸ್ಸಿನಲ್ಲಿ ಯಕೃತ್ತಿನ ಕ್ಯಾನ್ಸರ್ ತರುತ್ತದೆ. ಈ ವೈರಸ್ಸಿನ ಗುರುತನ್ನು 1960ರ ದಶಕದಲ್ಲಿ ಪತ್ತೆ ಹಚ್ಚಿದ ಬರೂಕ್ ಬ್ಲಂಬರ್ಗ್ ಅವರಿಗೆ 1976ರಲ್ಲಿ ನೊಬೆಲ್ ಬಂತು. 1981ರಲ್ಲಿ ಅಮೆರಿಕದಲ್ಲಿ ಮೊದಲ ಲಸಿಕೆಗೆ ಅನುಮತಿ ಸಿಕ್ಕಿತು. ಅದನ್ನು ಸೋಂಕಿತರ ರಕ್ತದಿಂದಲೇ ಶುದ್ಧೀಕರಿಸಿ ಮಾಡಬೇಕಿತ್ತು. 1986ರಲ್ಲಿ ಯೀಸ್ಟ್ ಕೋಶಗಳಲ್ಲಿ ತಯಾರಿಸುವ ಲಸಿಕೆ ಬಂತು. ಔಷಧ ಕ್ಷೇತ್ರದ ದಿಗ್ಗಜ ಕಂಪನಿಗಳ ಕೈಯಲ್ಲಿ ಆ ತಂತ್ರ ಇತ್ತು. ಬೆಲೆಯನ್ನೂ ಅವರೇ ಕಟ್ಟುತ್ತಿದ್ದರು.

ವಿಶ್ವ ಆರೋಗ್ಯ ಸಂಸ್ಥೆ 1992ರಲ್ಲಿ, ಎಲ್ಲ ದೇಶಗಳೂ 1997ರೊಳಗೆ ಈ ಲಸಿಕೆಯನ್ನು ತಮ್ಮ ಮಕ್ಕಳ ಲಸಿಕೆ ಕಾರ್ಯಕ್ರಮಕ್ಕೆ ಸೇರಿಸಿಕೊಳ್ಳಬೇಕು ಎಂದು ಗುರಿ ಇಟ್ಟಿತು. ಗುರಿ ಒಳ್ಳೆಯದೇ. ಆದರೆ ವರ್ಷಕ್ಕೆ ಎರಡು ಕೋಟಿಗೂ ಹೆಚ್ಚು ಮಕ್ಕಳು ಹುಟ್ಟುವ ನಮ್ಮಂಥ ದೇಶ ಆ ಬೆಲೆಗೆ ಅಷ್ಟು ಲಸಿಕೆ ಕೊಳ್ಳುವುದಾದರೂ ಹೇಗೆ?

ಈ ಪ್ರಶ್ನೆಯನ್ನು ಮನಸ್ಸಿಗೆ ಹಚ್ಚಿಕೊಂಡವರು ಕೆ. ಐ. ವರಪ್ರಸಾದ ರೆಡ್ಡಿ. ನೆಲ್ಲೂರು ಜಿಲ್ಲೆಯವರು. ವೈದ್ಯರೂ ಅಲ್ಲ, ಜೀವವಿಜ್ಞಾನಿಯೂ ಅಲ್ಲ. ಓದಿದ್ದು ಇಂಜಿನಿಯರಿಂಗ್, ಲಸಿಕೆಗೆ ಕೈಹಾಕುವ ಮೊದಲು ನಡೆಸುತ್ತಿದ್ದದ್ದು ಬ್ಯಾಟರಿ ಕಾರ್ಖಾನೆ. ಜಿನೀವಾದಲ್ಲಿ ನಡೆದ ಸಭೆಯೊಂದರಲ್ಲಿ ಹೆಪಟೈಟಿಸ್ ಬಿ ವಿಷಯ ಅವರ ಕಿವಿಗೆ ಬಿತ್ತು. ಹೊರದೇಶದ ಕಂಪನಿಯಿಂದ ತಂತ್ರಜ್ಞಾನ ತರಲು ನೋಡಿದರು, ಅದು ಕೈಗೂಡಲಿಲ್ಲ. ಹಾಗಾದರೆ ಇಲ್ಲೇ ಮಾಡೋಣ ಎಂದು 1993ರಲ್ಲಿ ತಾಯಿಯ ಹೆಸರಿನಲ್ಲಿ ಶಾಂತಾ ಬಯೋಟೆಕ್ನಿಕ್ಸ್ ಶುರು ಮಾಡಿದರು.

ಹಣ ಎಲ್ಲಿಂದ? ಜೈವಿಕ ತಂತ್ರಜ್ಞಾನ ಎಂದರೆ ಆಗ ನಮ್ಮ ಬ್ಯಾಂಕುಗಳಿಗೆ ಅಪರಿಚಿತ ವ್ಯಾಪಾರ. ಅಡವಿಡಲು ಭೂಮಿ ಇಲ್ಲ, ಯಂತ್ರ ಇಲ್ಲ, ಇರುವುದು ಗಾಜಿನ ತಟ್ಟೆಯಲ್ಲಿ ಬೆಳೆಯುತ್ತಿರುವ ಕೋಶಗಳು. ಕೈ ಹಿಡಿದವರು ಒಮಾನ್ ದೇಶದ ಆಗಿನ ವಿದೇಶಾಂಗ ವ್ಯವಹಾರಗಳ ಸಚಿವ ಯೂಸುಫ್ ಬಿನ್ ಅಲವಿ. ಅವರು ದೊಡ್ಡ ಪಾಲು ಬಂಡವಾಳ ಹಾಕಿ, ಲಾಭಕ್ಕೆ ಅವಸರ ಮಾಡದೆ ಕಾದರು. ಮುಂದೆ ಕೇಂದ್ರ ಸರ್ಕಾರದ ತಂತ್ರಜ್ಞಾನ ಅಭಿವೃದ್ಧಿ ಮಂಡಳಿಯೂ ಸಾಲದ ನೆರವು ಕೊಟ್ಟಿತು. ಪ್ರಯೋಗಾಲಯ ಎಲ್ಲಿಂದ? ಮೊದಲು ಉಸ್ಮಾನಿಯಾ ವಿಶ್ವವಿದ್ಯಾಲಯ ಜಾಗ ಕೊಟ್ಟಿತು, ಆಮೇಲೆ ಸಿ.ಸಿ.ಎಂ.ಬಿ. ಎಂದು ಎಲ್ಲರೂ ಕರೆಯುವ ಕೋಶೀಯ ಮತ್ತು ಆಣ್ವಿಕ ಜೀವವಿಜ್ಞಾನ ಕೇಂದ್ರ. ಸಾರ್ವಜನಿಕ ಹಣದಿಂದ ನಡೆಯುವ ಸಂಸ್ಥೆಯೊಂದು ತನ್ನ ಛಾವಣಿಯ ಕೆಳಗೆ ಖಾಸಗಿ ಕಂಪನಿಯ ಯುವ ವಿಜ್ಞಾನಿಗಳಿಗೆ ಜಾಗ ಬಿಟ್ಟುಕೊಟ್ಟದ್ದು ಆ ಕಾಲಕ್ಕೆ ದಿಟ್ಟ ನಡೆ.

ಆ ಯುವ ವಿಜ್ಞಾನಿಗಳು ಮಾಡಿದ ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ವೈರಸ್ಸಿನ ಹೊರಮೈಯಲ್ಲಿ ಒಂದು ಪ್ರೋಟೀನ್ ಇದೆ. ಅದೊಂದೇ ಸಿಕ್ಕರೆ ರೋಗ ಬರುವುದಿಲ್ಲ, ಆದರೆ ನಮ್ಮ ಮೈ ಅದನ್ನು ಗುರುತಿಟ್ಟುಕೊಂಡು ಮುಂದೆ ಬರುವ ವೈರಸ್ಸನ್ನು ತಡೆಯುತ್ತದೆ. ಆ ಪ್ರೋಟೀನಿನ ಜೀನನ್ನು ಪಿಕಿಯಾ ಪಾಸ್ಟೋರಿಸ್ ಎಂಬ ಯೀಸ್ಟ್‌ಗೆ ಸೇರಿಸಿದರು. ಉಕ್ಕಿನ ತೊಟ್ಟಿಯಲ್ಲಿ ಈ ಯೀಸ್ಟ್‌ಗೆ ಮೊದಲು ಒಂದು ಆಹಾರ ಕೊಟ್ಟು ಚೆನ್ನಾಗಿ ಬೆಳೆಸುತ್ತಾರೆ. ತೊಟ್ಟಿ ತುಂಬ ಬೆಳೆದ ಮೇಲೆ ಆಹಾರ ಬದಲಿಸಿ ಮೆಥನಾಲ್ ಹನಿಸುತ್ತಾರೆ. ಮೆಥನಾಲ್ ಬಿದ್ದಾಗ ಆ ಜೀನು ಕೆಲಸ ಶುರು ಮಾಡಿ ಪ್ರೋಟೀನ್ ತಯಾರಾಗುತ್ತದೆ. ಅದು ಕೋಶದ ಒಳಗೇ ಉಳಿಯುವುದರಿಂದ ಕೋಶವನ್ನು ಒಡೆಯಬೇಕು, ಸೋಸಬೇಕು, ಹಂತಹಂತವಾಗಿ ಶುದ್ಧ ಮಾಡಬೇಕು, ಕೊನೆಗೆ ಅಲ್ಯೂಮಿನಿಯಂ ಲವಣಕ್ಕೆ ಅಂಟಿಸಿ ಸೀಸೆಗೆ ತುಂಬಬೇಕು. ಮಗುವಿಗೆ ಒಂದು ಸಲಕ್ಕೆ ಬೇಕಾದದ್ದು 10 ಮೈಕ್ರೋಗ್ರಾಂ, ಅಂದರೆ ಒಂದು ಗ್ರಾಮಿನ ಲಕ್ಷದ ಒಂದು ಪಾಲು. ಪ್ರತಿ ಹಂತದಲ್ಲೂ ಅದರಲ್ಲಿ ಒಂದಿಷ್ಟು ಕಳೆದುಹೋಗುತ್ತದೆ. ಎಷ್ಟು ಉಳಿಸಿಕೊಳ್ಳುತ್ತೀರಿ ಎನ್ನುವುದರ ಮೇಲೆ ಬೆಲೆ ನಿಲ್ಲುತ್ತದೆ.

1997ರ ಆಗಸ್ಟ್‌ನಲ್ಲಿ ಶಾನ್‌ವ್ಯಾಕ್-ಬಿ ಮಾರುಕಟ್ಟೆಗೆ ಬಂತು. ಜೀನ್ ಜೋಡಣೆಯ ತಂತ್ರದಿಂದ ಭಾರತದಲ್ಲೇ ತಯಾರಾದ ಮೊದಲ ಹೆಪಟೈಟಿಸ್ ಬಿ ಲಸಿಕೆ ಅದು. ಬೆಲೆ ಒಂದು ಡೋಸ್‌ಗೆ ಸುಮಾರು 50 ರೂಪಾಯಿ. ಆಮದು ಲಸಿಕೆಗಳೂ ಬೆಲೆ ಇಳಿಸಲೇಬೇಕಾಯಿತು. 2002ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೆ ತನ್ನ ಮಾನ್ಯತೆ ಕೊಟ್ಟಿತು. ಆ ಮಾನ್ಯತೆ ಇದ್ದರೆ ಯುನಿಸೆಫ್ ಲಸಿಕೆಯನ್ನು ಕೊಂಡು ಬಡದೇಶಗಳಿಗೆ ಕಳಿಸಬಹುದು.

ಇಲ್ಲಿ ನಾನು ಒತ್ತಿ ಹೇಳಬೇಕಾದ ಮಾತೊಂದಿದೆ. ಶಾಂತಾ ಕಥೆಯನ್ನು ಒಬ್ಬ ವ್ಯಕ್ತಿಯ ಛಲದ ಕಥೆಯಾಗಿ ಹೇಳುವುದು ರೂಢಿ. ಆ ಛಲಕ್ಕೆ ನನ್ನ ಪೂರ್ಣ ಗೌರವ ಇದೆ. ಆದರೆ ಲಸಿಕೆ ಕಂಪನಿ ನಡೆಯಬೇಕಾದರೆ ನಾಲ್ಕು ಬಗೆಯ ಜನ ಒಂದೇ ಮೇಜಿನ ಸುತ್ತ ಕೂರಬೇಕು. ಬೆಲೆ ಇಷ್ಟೇ ಇರಬೇಕು ಎಂದು ಮೊದಲೇ ನಿಶ್ಚಯಿಸುವವರು. ವರ್ಷಗಟ್ಟಲೆ ಕಾಯುವ ಬಂಡವಾಳದವರು. ರೋಗಾಣುವನ್ನು ಬಲ್ಲವರು. ತಯಾರಾದ ಬ್ಯಾಚ್ ಸರಿಯಿಲ್ಲದಿದ್ದರೆ ನಿಲ್ಲಿಸಿ ಎಂದು ಹೇಳುವ ಅಧಿಕಾರ ಉಳ್ಳವರು. ಮುಂದಿನ ಇತಿಹಾಸವೆಲ್ಲ ಈ ನಾಲ್ವರಲ್ಲಿ ಯಾರ ಮಾತು ನಡೆಯಿತು ಎನ್ನುವುದರ ಇತಿಹಾಸ.

ಎರಡನೆಯ ಕಂಪನಿಗೆ ಬರೋಣ. 1996ರಲ್ಲಿ ಹೈದರಾಬಾದಿಗೆ ಅಮೆರಿಕದಿಂದ ದಂಪತಿ ಬಂದರು, ಕೃಷ್ಣ ಎಲ್ಲ ಮತ್ತು ಸುಚಿತ್ರಾ ಎಲ್ಲ. ಕೃಷ್ಣ ಅವರು ತಮಿಳುನಾಡಿನ ತಿರುತ್ತಣಿ ಕಡೆಯ ರೈತಾಪಿ ಕುಟುಂಬದವರು. ನಮ್ಮ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಓದಿ, ವಿಸ್ಕಾನ್ಸಿನ್‌ನಲ್ಲಿ ಡಾಕ್ಟರೇಟ್ ಮಾಡಿದವರು. ಇಬ್ಬರೂ ಸೇರಿ ಕಟ್ಟಿದ್ದು ಭಾರತ್ ಬಯೋಟೆಕ್. ಕೃಷ್ಣ ಅವರು ವಿಜ್ಞಾನ ನೋಡಿಕೊಂಡರು, ಸುಚಿತ್ರಾ ಅವರು ವ್ಯವಹಾರ, ಆಡಳಿತ. ಅವರ ಮೊದಲ ಲಸಿಕೆಯೂ ಹೆಪಟೈಟಿಸ್ ಬಿ. ಒಂದೇ ಊರಿನ ಎರಡು ಕಂಪನಿಗಳ ಪೈಪೋಟಿಯಲ್ಲಿ ಬೆಲೆ ಮತ್ತಷ್ಟು ಕೆಳಗಿಳಿಯಿತು. 2007-08ರ ಹೊತ್ತಿಗೆ ಸರ್ಕಾರ ಹತ್ತು ರಾಜ್ಯಗಳ ಮಕ್ಕಳಿಗೆ ಈ ಲಸಿಕೆಯನ್ನು ಉಚಿತವಾಗಿ ಕೊಡತೊಡಗಿತು. ಅದರಲ್ಲಿ ಕರ್ನಾಟಕವೂ ಒಂದು. 2011ರಲ್ಲಿ ಇಡೀ ದೇಶಕ್ಕೆ ವಿಸ್ತರಿಸಿತು.

ಈ ಕಂಪನಿಯ ಇನ್ನೊಂದು ಲಸಿಕೆಯ ಕಥೆಯಲ್ಲಿ ಮೇಜಿನ ಸುತ್ತ ಕೂತವರು ಇನ್ನೂ ಹೆಚ್ಚು. ಹಸುಗೂಸುಗಳಿಗೆ ಪ್ರಾಣಾಂತಕ ವಾಂತಿಭೇದಿ ತರುವ ರೋಟಾವೈರಸ್ ನಮ್ಮಲ್ಲಿ ವರ್ಷಕ್ಕೆ ಹತ್ತಾರು ಸಾವಿರ ಮಕ್ಕಳನ್ನು ಬಲಿ ತೆಗೆದುಕೊಳ್ಳುತ್ತಿತ್ತು. 1980ರ ದಶಕದಲ್ಲಿ ದೆಹಲಿಯ ಏಮ್ಸ್ ಆಸ್ಪತ್ರೆಯಲ್ಲಿ ಮಕ್ಕಳ ವೈದ್ಯ ಮಹಾರಾಜ್ ಕಿಶನ್ ಭಾನ್ ಅವರಿಗೆ ಒಂದು ಸೋಜಿಗ ಕಂಡಿತು. ಆಗತಾನೆ ಹುಟ್ಟಿದ ಕೂಸುಗಳ ಮಲದಲ್ಲಿ ರೋಟಾವೈರಸ್ ಇತ್ತು, ಆದರೆ ಕೂಸುಗಳಿಗೆ ಭೇದಿ ಇರಲಿಲ್ಲ. ರೋಗ ತಾರದೆ ರಕ್ಷಣೆ ಮಾತ್ರ ಕೊಡುವ ತಳಿ ಅದು. ಅದಕ್ಕೆ 116ಇ ಎಂದು ಹೆಸರಾಯಿತು. ಇತ್ತ ಬೆಂಗಳೂರಿನಲ್ಲಿಯೂ ನವಜಾತ ಶಿಶುಗಳಲ್ಲಿ ಇಂಥದ್ದೇ ತಳಿಯೊಂದು ಸಿಕ್ಕಿತು, ಹೆಸರು ಐ321. ಅದರ ಮೇಲೆ ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾ ರಾವ್ ಅವರ ತಂಡ ಕೆಲಸ ಮಾಡಿತು. ಎರಡರಲ್ಲೂ ಮನುಷ್ಯರ ವೈರಸ್ ಮತ್ತು ದನಗಳ ವೈರಸ್ ಜೀನುಗಳು ಸಹಜವಾಗಿಯೇ ಬೆರೆತಿದ್ದವು.

ಅಮೆರಿಕದ ವಿಜ್ಞಾನಿಗಳಾದ ರೋಜರ್ ಗ್ಲಾಸ್, ಹ್ಯಾರಿ ಗ್ರೀನ್‌ಬರ್ಗ್ ಈ ಕೆಲಸಕ್ಕೆ ಕೈಜೋಡಿಸಿದರು. ತಯಾರಿಕೆಯ ಹೊಣೆ ಭಾರತ್ ಬಯೋಟೆಕ್‌ಗೆ ಬಂತು. ಎರಡು ತಳಿಗಳನ್ನೂ ಮಕ್ಕಳಲ್ಲಿ ಪರೀಕ್ಷಿಸಿದಾಗ 116ಇ ಮೈಯಲ್ಲಿ ಚೆನ್ನಾಗಿ ಪ್ರತಿರಕ್ಷೆ ಎಬ್ಬಿಸಿತು, ಬೆಂಗಳೂರಿನ ತಳಿ ಅಷ್ಟು ಎಬ್ಬಿಸಲಿಲ್ಲ. ಅದನ್ನು ಅಲ್ಲಿಗೇ ಬಿಟ್ಟರು. ವರ್ಷಗಟ್ಟಲೆ ದುಡಿದ ತಳಿಯನ್ನು ಕೈಬಿಡುವುದು ವಿಜ್ಞಾನಿಗಳಿಗೆ ಸುಲಭವಲ್ಲ. ಅಂಕಿ ಅಂಶ ಹೇಳಿದ್ದನ್ನು ಒಪ್ಪಿಕೊಂಡರಲ್ಲ, ನಾಯಕತ್ವ ಎಂದರೆ ನನಗೆ ಅದು.

ಬೆಲೆಯನ್ನು ಇಲ್ಲಿಯೂ ಮೊದಲೇ ಮಾತಾಡಿಕೊಂಡಿದ್ದರು. ಸರ್ಕಾರಗಳಿಗೆ ಒಂದು ಡೋಸ್‌ಗೆ ಒಂದು ಡಾಲರ್‌ಗಿಂತ ಹೆಚ್ಚಾಗಬಾರದು ಎಂದು ಕಂಪನಿ ಮಾತು ಕೊಟ್ಟಿತು. ದೆಹಲಿ, ಪುಣೆ, ವೆಲ್ಲೂರುಗಳಲ್ಲಿ 6,799 ಮಕ್ಕಳ ಮೇಲೆ ಕೊನೆಯ ಹಂತದ ಪರೀಕ್ಷೆ ನಡೆಯಿತು. ವೆಲ್ಲೂರಿನಲ್ಲಿ ಅದನ್ನು ನೋಡಿಕೊಂಡವರು ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಗಗನ್‌ದೀಪ್ ಕಾಂಗ್. ಮೊದಲ ವರ್ಷದಲ್ಲಿ ತೀವ್ರ ಭೇದಿಯ ವಿರುದ್ಧ ಶೇಕಡಾ 56ರಷ್ಟು ರಕ್ಷಣೆ ಕಂಡುಬಂತು. ಸಂಖ್ಯೆ ಕೇಳಲು ದೊಡ್ಡದಲ್ಲ. ಆದರೆ ಸಾವು ಅಷ್ಟೊಂದಿರುವ ಕಡೆ ಅದು ಸಾವಿರಾರು ತಾಯಂದಿರ ಮಡಿಲು ಉಳಿಸುವ ಸಂಖ್ಯೆ. 2015ರ ಮಾರ್ಚ್‌ನಲ್ಲಿ ಈ ಲಸಿಕೆ ರೋಟಾವ್ಯಾಕ್ ಎಂಬ ಹೆಸರಿನಲ್ಲಿ ಬಿಡುಗಡೆಯಾಯಿತು. ಏಮ್ಸ್‌ನಲ್ಲಿ ಆ ಕೂಸುಗಳನ್ನು ಗಮನಿಸಿ ಆಗಲೇ ಸುಮಾರು ಮೂವತ್ತು ವರ್ಷ ಆಗಿತ್ತು. ಈಗ ಆರು, ಹತ್ತು, ಹದಿನಾಲ್ಕನೇ ವಾರದಲ್ಲಿ ದೇಶದ ಎಲ್ಲ ಮಕ್ಕಳಿಗೂ ರೋಟಾವೈರಸ್ ಲಸಿಕೆ ಸಿಗುತ್ತಿದೆ.

ಇನ್ನು ಕಹಿ ಅಧ್ಯಾಯ. ಶಾಂತಾದ ಒಮಾನ್ ಪಾಲನ್ನು 2006ರಲ್ಲಿ ಫ್ರಾನ್ಸಿನ ಮೇರಿಯೂ ಸಮೂಹ ಕೊಂಡಿತು. 2009ರಲ್ಲಿ ಸುಮಾರು 55 ಕೋಟಿ ಯೂರೋ ಬೆಲೆ ಕಟ್ಟಿ ಔಷಧ ಕಂಪನಿ ಸನೋಫಿ ಶಾಂತಾವನ್ನು ಕೈಗೆ ತೆಗೆದುಕೊಂಡಿತು. ಮರುವರ್ಷವೇ ಐದು ರೋಗಗಳ ವಿರುದ್ಧದ ಶಾನ್5 ಲಸಿಕೆಯ ಕೆಲವು ಸೀಸೆಗಳಲ್ಲಿ ಬಿಳಿ ಗಸಿ ಕಾಣಿಸಿಕೊಂಡಿತು. ಅಲ್ಯೂಮಿನಿಯಂ ಸೇರಿದ ಲಸಿಕೆಯಲ್ಲಿ ಸ್ವಲ್ಪ ಗಸಿ ತಳಕ್ಕಿಳಿಯುವುದು ಸಹಜ, ಅಲುಗಾಡಿಸಿದರೆ ಬೆರೆತುಕೊಳ್ಳಬೇಕು. ಅದಕ್ಕೇ ನಮ್ಮ ಆರೋಗ್ಯ ಕೇಂದ್ರದ ಸಿಸ್ಟರ್ ಸೂಜಿಗೆ ಎಳೆಯುವ ಮುನ್ನ ಸೀಸೆ ಅಲುಗಾಡಿಸಿ, ಎತ್ತಿ ಹಿಡಿದು ನೋಡುತ್ತಾರೆ. ಈ ಸೀಸೆಗಳಲ್ಲಿ ಗಸಿ ಗಾಜಿಗೆ ಅಂಟಿಕೊಂಡು ಬಿಟ್ಟುಕೊಡಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಮಾನ್ಯತೆ ಹಿಂತೆಗೆದುಕೊಂಡಿತು. ತಪ್ಪು ಸರಿಪಡಿಸಿ ಮತ್ತೆ ಮಾನ್ಯತೆ ಪಡೆಯುವ ಹೊತ್ತಿಗೆ 2014 ಆಗಿತ್ತು. ಭಾರತ್ ಬಯೋಟೆಕ್‌ಗೂ ಇಂಥ ದಿನ ಬಂತು. ಅದರ ಕೋವಿಡ್ ಲಸಿಕೆ ಕೊವ್ಯಾಕ್ಸಿನ್‌ಗೆ 2021ರ ಜನವರಿಯಲ್ಲಿ ಕೊನೆಯ ಹಂತದ ಫಲಿತಾಂಶಕ್ಕೆ ಮೊದಲೇ ಅನುಮತಿ ಸಿಕ್ಕಾಗ ಅನೇಕ ವಿಜ್ಞಾನಿಗಳು ಪ್ರಶ್ನೆ ಎತ್ತಿದರು. 2022ರ ಏಪ್ರಿಲ್‌ನಲ್ಲಿ ತಯಾರಿಕಾ ಘಟಕದ ತಪಾಸಣೆಯ ನಂತರ ವಿಶ್ವಸಂಸ್ಥೆಯ ಮೂಲಕ ಅದರ ಪೂರೈಕೆಯನ್ನು ತಡೆಹಿಡಿಯಲಾಯಿತು. ಎರಡೂ ಕಡೆ ನಿಲ್ಲಿಸಿ ಎಂಬ ಮಾತು ಹೊರಗಿನವರಿಂದ ಬಂತು. ಅದು ಮೇಜಿನಲ್ಲಿ ಕೂತವರ ಬಾಯಿಂದಲೇ ಮೊದಲು ಬರಬೇಕು ಎಂಬುದು ನನ್ನ ನಂಬಿಕೆ.

ಮಾಲೀಕತ್ವ ಬದಲಾದರೆ ಏನಾಗುತ್ತದೆ ಎಂಬುದಕ್ಕೆ ಕಾಲರಾ ಲಸಿಕೆ ಸಾಕ್ಷಿ. ಸಿಯೋಲ್‌ನ ಅಂತರರಾಷ್ಟ್ರೀಯ ಲಸಿಕಾ ಸಂಸ್ಥೆಯ ಜೊತೆ ಸೇರಿ ಶಾಂತಾ 2009ರಲ್ಲಿ ಶಾಂಕಾಲ್ ಎಂಬ ಬಾಯಿಗೆ ಹಾಕುವ ಲಸಿಕೆ ತಂದಿತು. ಕೋಲ್ಕತ್ತದ ಕೊಳೆಗೇರಿಗಳಲ್ಲಿ ಪರೀಕ್ಷೆಯಾಗಿ, ಹೈಟಿಯವರೆಗೆ ಹೋದ ಲಸಿಕೆ ಅದು. 2023ರ ಕೊನೆಗೆ ಅದರ ತಯಾರಿಕೆ ನಿಲ್ಲಿಸುವುದೆಂದು ಕಂಪನಿ ತೀರ್ಮಾನಿಸಿತು. ಅದೇ ಹೊತ್ತಿಗೆ ಜಗತ್ತಿನ ಹಲವೆಡೆ ಕಾಲರಾ ಎದ್ದಿತ್ತು. ಲಸಿಕೆ ಸಾಲದೆ 2022ರ ಅಕ್ಟೋಬರ್‌ನಲ್ಲಿ ಎರಡು ಡೋಸ್ ಬದಲು ಒಂದೇ ಡೋಸ್ ಕೊಡುವ ಸ್ಥಿತಿ ಬಂದಿತ್ತು. ಭಾರತ್ ಬಯೋಟೆಕ್ 2024ರಲ್ಲಿ ಹಿಲ್‌ಕಾಲ್ ಎಂಬ ಕಾಲರಾ ಲಸಿಕೆಯನ್ನು ಹೊರತಂದು ಆ ಜಾಗ ತುಂಬಲು ಮುಂದೆ ಬಂತು.

ಇವತ್ತು ಬೆಂಗಳೂರು, ಹೈದರಾಬಾದ್, ಪುಣೆಗಳಲ್ಲಿ ಹೊಸ ಜೈವಿಕ ತಂತ್ರಜ್ಞಾನ ಕಂಪನಿಗಳು ಹುಟ್ಟುತ್ತಲೇ ಇವೆ. ಅವುಗಳಿಗೆ ಸರ್ಕಾರದ ಹಣ, ಸರ್ಕಾರಿ ಪ್ರಯೋಗಾಲಯ, ನಮ್ಮ ಮಕ್ಕಳ ತೋಳು ಎಲ್ಲವೂ ಬೇಕು. ಹಾಗಾಗಿ ಅವುಗಳನ್ನು ನಡೆಸುವವರನ್ನು ಪ್ರಶ್ನಿಸುವ ಹಕ್ಕು ನಮಗಿದೆ. ಬೆಲೆ ಏನಿಟ್ಟಿದ್ದೀರಿ? ನಿಮ್ಮ ಬಂಡವಾಳ ಎಷ್ಟು ವರ್ಷ ಕಾಯುತ್ತದೆ? ಬ್ಯಾಚ್ ಸರಿಯಿಲ್ಲ ಎನ್ನುವ ಅಧಿಕಾರ ಯಾರ ಕೈಯಲ್ಲಿದೆ? ಕಂಪನಿ ಮಾರಾಟವಾದರೆ ಬಡವರ ಲಸಿಕೆಯ ಗತಿ ಏನು? ಈ ನಾಲ್ಕಕ್ಕೂ ನೇರ ಉತ್ತರ ಕೊಡುವ ತಂಡ ಎಷ್ಟೇ ಚಿಕ್ಕದಿರಲಿ, ಅದರ ಬೆನ್ನಿಗೆ ನಾವು ನಿಲ್ಲೋಣ. ಉತ್ತರ ತಡವರಿಸುವ ತಂಡವನ್ನು, ಎಷ್ಟೇ ದೊಡ್ಡ ಹೆಸರಿರಲಿ, ಮತ್ತೆ ಮತ್ತೆ ಕೇಳೋಣ.